ಸೊನ್ನೆಯೂ ಒಂದು ಉತ್ತರವೇ: ಪಿಎಚ್‌ಪಿ ಫಾರ್ಮ್ ಬರೆಯುವವರ ಗಮನಕ್ಕೆ

ಫಾರ್ಮಿನಲ್ಲಿ ಬಳಕೆದಾರರು ಏನನ್ನಾದರೂ ತುಂಬಿದ್ದಾರೆಯೇ ಎಂದು ನೋಡಲು ನಮ್ಮಲ್ಲಿ ಹಲವರು, ವೆಬ್ ಪುಟಗಳನ್ನು ನಡೆಸುವ ಪಿಎಚ್‌ಪಿ ಭಾಷೆಯಲ್ಲಿ ಮೌಲ್ಯ ಖಾಲಿಯೇ ಎಂದು ಹೇಳುವ ‘ಎಂಪ್ಟಿ’ಯನ್ನು (empty) ಬಳಸುತ್ತೇವೆ. ಆದರೆ ಅದು ಖಾಲಿ ಸ್ಟ್ರಿಂಗನ್ನಷ್ಟೇ (ಒಂದೂ ಅಕ್ಷರವಿಲ್ಲದ ಪಠ್ಯವನ್ನಷ್ಟೇ) ಅಲ್ಲದೆ ‘0’ ಎಂಬ ಉತ್ತರವನ್ನೂ ಖಾಲಿಯೆಂದೇ ಎಣಿಸುವುದರಿಂದ, ‘ಮಕ್ಕಳ ಸಂಖ್ಯೆ’ ಎಂಬಲ್ಲಿ ಸೊನ್ನೆಯೆಂದು ಸರಿಯಾಗಿಯೇ ಬರೆದ ದಂಪತಿಗೆ ‘ದಯವಿಟ್ಟು ಭರ್ತಿ ಮಾಡಿ’ ಎಂಬ ಸಂದೇಶ ಮತ್ತೆ ಮತ್ತೆ ಎದುರಾಗುತ್ತದೆ. ಇದು ಬರಿಯ ತಾಂತ್ರಿಕ ದೋಷವಲ್ಲ, ಮನಸ್ಸನ್ನು ನೋಯಿಸುವ ತಪ್ಪು.

ಮೊದಲು ಉತ್ತರವನ್ನು ‘ಟ್ರಿಮ್’ (trim) ಮಾಡಿ, ಅಂದರೆ ಅದರ ಹಿಂದುಮುಂದಿನ ಖಾಲಿ ಜಾಗಗಳನ್ನು ತೆಗೆಯಿರಿ; ಆಮೇಲೆ ಮೌಲ್ಯದೊಡನೆ ಅದರ ಪ್ರಕಾರವನ್ನೂ ಹೋಲಿಸುವ ಮೂರು ಸಮ ಚಿಹ್ನೆಗಳಿಂದ (===) ಖಾಲಿ ಸ್ಟ್ರಿಂಗಿನೊಡನೆ ಹೋಲಿಸಿ. ಉತ್ತರ ಪೂರ್ಣಾಂಕವೇ ಎಂದು ತಿಳಿಯಲು ಮೌಲ್ಯವನ್ನು ಪರೀಕ್ಷಿಸುವ ‘ಫಿಲ್ಟರ್ ವಾರ್’ (filter_var) ಫಂಕ್ಷನ್ ಬಳಸಿ, ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನೂ ಅದಕ್ಕೇ ಕೊಡಿ. ಸರಿಯಾದ ಸೊನ್ನೆಗೆ ಅದು 0 ಅನ್ನು, ತಪ್ಪು ಮೌಲ್ಯಕ್ಕೆ ‘ಫಾಲ್ಸ್’ (false, ಅಂದರೆ ‘ಅಲ್ಲ’) ಅನ್ನು ಹಿಂದಿರುಗಿಸುತ್ತದೆ. ಇಲ್ಲಿಯೂ ಮೂರು ಸಮ ಚಿಹ್ನೆ ಹಾಕದಿದ್ದರೆ ಎರಡೂ ಒಂದೇ ಆಗಿಬಿಡುತ್ತವೆ.

ಕನ್ನಡ ಕೀಲಿಮಣೆಯಿಂದ ‘೨’ ಎಂದು ಬರೆದವರ ಉತ್ತರವನ್ನು ಈ ಪರೀಕ್ಷೆ ತಿರಸ್ಕರಿಸುತ್ತದೆ. ಆದ್ದರಿಂದ ಕನ್ನಡ ಅಂಕಿಗಳನ್ನು ‘ಎಸ್‌ಟಿಆರ್‌ಟಿಆರ್’ (strtr, ಅಕ್ಷರಗಳ ಜಾಗದಲ್ಲಿ ಬೇರೆ ಅಕ್ಷರಗಳನ್ನಿಡುವ ಫಂಕ್ಷನ್) ಮೂಲಕ ಮೊದಲೇ 0ರಿಂದ 9ರವರೆಗಿನ ಅಂಕಿಗಳಿಗೆ ಬದಲಾಯಿಸಿಕೊಳ್ಳಿ. ಬ್ರೌಸರಿನಲ್ಲಿ ನಡೆಯುವ ಪರಿಶೀಲನೆ ಬಳಕೆದಾರರ ಅನುಕೂಲಕ್ಕೆ ಮಾತ್ರ. ಅದನ್ನು ಯಾರಾದರೂ ತಪ್ಪಿಸಬಹುದಾದ್ದರಿಂದ, ಈ ಎಲ್ಲ ಪರೀಕ್ಷೆಯೂ ಸರ್ವರಿನಲ್ಲಿಯೇ ನಡೆಯಬೇಕು.