ಬಾಕಿ ಇರುವವರು ಮಂಡಿಗೆ ಬರುವುದಿಲ್ಲ

22 ವರ್ಷದಿಂದ ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ರಾಶಿ ಅಡಿಕೆ ಎಷ್ಟು ಮೂಟೆ ಬಂತು, ಬೆಟ್ಟೆ ಅಡಿಕೆ ಎಷ್ಟಕ್ಕೆ ಹೋಯಿತು, ಯಾರ ಮುಂಗಡ ಎಷ್ಟು, ಯಾರ ಬಾಕಿ ಎಷ್ಟು, ಇದೇ ನನ್ನ ದಿನ. ಸಂಜೆ ಖಾತೆಯಲ್ಲಿ 10 ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೊರಡಲು ಮನಸ್ಸು ಬರುವುದಿಲ್ಲ. ಹೀಗಿದ್ದ ನಾನು ನನ್ನದೇ ಮೈಯ ಲೆಕ್ಕವನ್ನು 7 ತಿಂಗಳು ತೆರೆದು ನೋಡಲಿಲ್ಲ.

46ನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಯಿತು. ಖಾಲಿ ಹೊಟ್ಟೆಯಲ್ಲಿ 182, ಎಚ್‌ಬಿಎ1ಸಿ ಅನ್ನುವ ಇನ್ನೊಂದು ರಕ್ತಪರೀಕ್ಷೆಯಲ್ಲಿ 9.1. ಆ ಎರಡನೆಯದು 6.5 ಮುಟ್ಟಿದರೇ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಡಾಕ್ಟರು ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟರು. ಮಗಳು ಬೆರಳು ಚುಚ್ಚಿ ಸಕ್ಕರೆ ನೋಡುವ ಗ್ಲೂಕೋಮೀಟರ್ ತಂದುಕೊಟ್ಟಳು. ಒಂದು ತಿಂಗಳು ದಿನಾ ಬೆಳಿಗ್ಗೆ ನೋಡಿದೆ. ಆಮೇಲೆ ಒಂದು ಮದುವೆ ಊಟ, ಮೂರು ಹೋಳಿಗೆ. ಮನೆಗೆ ಬಂದು ನೋಡಿದರೆ 268. ಅವತ್ತೇ ಮೀಟರನ್ನು ಬೀರುವಿನಲ್ಲಿ ಮಾರ್ಕ್ಸ್‌ಕಾರ್ಡ್‌ಗಳ ಫೈಲಿನ ಕೆಳಗೆ ಇಟ್ಟೆ.

ಯಾಕೆ ನೋಡ್ತಿಲ್ಲ ಅಂತ ಕೇಳಿದವರಿಗೆಲ್ಲ ಉತ್ತರ ಇತ್ತು. ಕೊಯ್ಲಿನ ಕಾಲ, ಮಂಡಿಯಲ್ಲಿ ಉಸಿರಾಡಲು ಬಿಡುವಿಲ್ಲ. ಮಳೆ ಹಿಡಿದಿದೆ, ವಾಕಿಂಗ್ ಎಲ್ಲಿ ಹೋಗೋದು. ಮೀಟರಿಗೆ ಹಾಕುವ ಒಂದು ಸ್ಟ್ರಿಪ್‌ಗೆ 20 ರೂಪಾಯಿ, ದಿನಾ ಯಾರು ಸುರೀತಾರೆ. ಇವು ಒಂದೂ ಸುಳ್ಳಲ್ಲ. ಸುಳ್ಳಾಗಿದ್ದರೆ ನನಗೇ ಬೇಗ ಅನುಮಾನ ಬರುತ್ತಿತ್ತು. ಮಳೆಯೂ ನಿಜ, ಕೆಲಸವೂ ನಿಜ, ಅದಕ್ಕೇ ಇವುಗಳ ಹಿಂದೆ ಬೇರೇನೋ ಇದೆ ಅಂತ ಹೊಳೆಯಲೇ ಇಲ್ಲ.

ಡಾಕ್ಟರ ಹತ್ತಿರ ಹೋಗುವ ಮೊದಲು 3 ದಿನ ಕಟ್ಟುನಿಟ್ಟಾಗಿ ಇರುತ್ತಿದ್ದೆ. ಅನ್ನ ಅರ್ಧ, ಸಿಹಿ ಇಲ್ಲ, ರಾತ್ರಿ ಬರೀ ಒಂದು ಚಪಾತಿ. ಹಾಗೆ ಮಾಡಿ ಹೋದಾಗ ಖಾಲಿ ಹೊಟ್ಟೆಯದು 128 ಬಂತು. ಖುಷಿಯಾಗಿ ಕೂತಿದ್ದೆ. ಡಾಕ್ಟರು ಇನ್ನೊಂದು ಹಾಳೆ ತಿರುಗಿಸಿದರು. ಎಚ್‌ಬಿಎ1ಸಿ 9.4. ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ, ಅಷ್ಟು ದಿನವೂ ರಕ್ತದಲ್ಲಿದ್ದ ಸಕ್ಕರೆ ಅವುಗಳಿಗೆ ಅಂಟುತ್ತಾ ಹೋಗುತ್ತದೆ, ಅದನ್ನು ಅಳೆದರೆ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ ಅಂತ ವಿವರಿಸಿದರು. "ನಿಮ್ಮ 3 ದಿನ ಚೆನ್ನಾಗಿದೆ. ಉಳಿದ 3 ತಿಂಗಳು?" ಅಂದರು. ಗದರಲಿಲ್ಲ. ನಾನು ಏನೂ ಹೇಳಲಾಗದೆ ಎದ್ದು ಬಂದೆ.

ಅದಾಗಿ ಹತ್ತು ಹದಿನೈದು ದಿನಕ್ಕೆ ಮಂಡಿಗೆ ಒಬ್ಬ ರೈತರು ಬಂದರು. ಮುಂಗಡ ತಗೊಂಡು 2 ವರ್ಷ ನಮ್ಮ ಬಾಗಿಲಿಗೆ ಬಂದಿರಲಿಲ್ಲ. ಬಾಕಿ ಇರುವವರು ಮಂಡಿಗೆ ಬರುವುದಿಲ್ಲ, ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. "ಎಷ್ಟಾಗಿದೆ ಅಂತ ಹೇಳಿಬಿಡಿ ಸ್ವಾಮಿ" ಅಂತ ನಿಂತೇ ಕೇಳಿದರು. ಖಾತೆ ತೆಗೆದು ತೋರಿಸಿದೆ. ಬೆರಳಿಟ್ಟು ಓದಿದರು. "ಇಷ್ಟೇನಾ?" ಅಂದವರು ಅಲ್ಲೇ ಮೂಟೆಯ ಮೇಲೆ ಕೂತರು. ಅವರ ತಲೆಯಲ್ಲಿ ಅದರ ಎರಡರಷ್ಟು ಬೆಳೆದಿತ್ತಂತೆ. "ಈ ರಸ್ತೇಲಿ ಬಸ್ಸಲ್ಲಿ ಹೋಗುವಾಗೆಲ್ಲ ಆಚೆ ಕಡೆ ಮುಖ ಮಾಡ್ಕೊಂಡು ಕೂರ್ತಿದ್ದೆ" ಅಂದರು.

ನನಗೆ ನಮ್ಮ ಮನೆಯ ಬೀರು ಕಣ್ಣಮುಂದೆ ಬಂತು. ಬಟ್ಟೆ ತೆಗೆಯುವಾಗಲೂ ನಾನು ಆ ಖಾನೆಯ ಕಡೆ ನೋಡುತ್ತಿರಲಿಲ್ಲ.

ಮನೆಗೆ ಹೋಗುವಾಗ ಹೊಸ ಸ್ಟ್ರಿಪ್ ತಗೊಂಡೆ, ಹಳೆಯದರ ಅವಧಿ ಮುಗಿದಿತ್ತು. ರಾತ್ರಿ ಊಟವಾಗಿ 2 ಗಂಟೆ ಬಿಟ್ಟು ಚುಚ್ಚಿಕೊಂಡೆ. 243. ಕೈ ನಡುಗುತ್ತಿತ್ತು. ಹೆಂಡತಿ ಪಕ್ಕದಲ್ಲಿ ಬಂದು ಕೂತಳು. "ರೀ, ನೀವು ಹೆದರ್ತಿರೋದು ನಂಬರಿಗಲ್ಲ. ಮಾವನ ಕಾಲು ನೆನಪಾಗ್ತಿದೆ ನಿಮಗೆ" ಅಂದಳು. ಅಪ್ಪನಿಗೆ ಇದೇ ಕಾಯಿಲೆಯಲ್ಲಿ ಎರಡು ಬೆರಳು ತೆಗೆದಿದ್ದರು. ದಿನಾ ಡ್ರೆಸ್ಸಿಂಗ್ ಮಾಡಿಸಲು ಕರೆದುಕೊಂಡು ಹೋಗುತ್ತಿದ್ದವನು ನಾನೇ. ಮೀಟರಿನಲ್ಲಿ ದೊಡ್ಡ ಸಂಖ್ಯೆ ಕಂಡಾಗಲೆಲ್ಲ ನನಗೆ ಆ ಗಾಯದ ವಾಸನೆ ಬರುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನಗೆ ನಾನೂ ಹೇಳಿಕೊಂಡಿರಲಿಲ್ಲ. ಸೋಮಾರಿತನ ಅಂತ ಅಂದುಕೊಂಡಿದ್ದೆ. ಸೋಮಾರಿತನ ಅಂದುಕೊಂಡಷ್ಟು ದಿನ ಮಾಡಿದ್ದು ಒಂದೇ, ನನ್ನನ್ನು ನಾನು ಬೈದುಕೊಳ್ಳುವುದು. ಬೈದುಕೊಂಡಷ್ಟೂ ಮೀಟರ್ ಇನ್ನೂ ಒಳಗೆ ಹೋಗುತ್ತಿತ್ತು.

ಆ ರಾತ್ರಿ ಒಂದು ತೀರ್ಮಾನ ಮಾಡಿದೆ. 2 ವಾರ ಊಟದಲ್ಲಿ ಏನೂ ಬದಲಾಯಿಸುವುದಿಲ್ಲ, ಮಾತ್ರೆ ತಪ್ಪಿಸುವುದಿಲ್ಲ, ಬರೀ ನೋಡಿ ಬರೆಯುವುದು. ಮಂಡಿಯ ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿದೆ. ಎಡಗಡೆ ತಿಂದಿದ್ದು, ಬಲಗಡೆ ಮೊದಲ ತುತ್ತಿನಿಂದ 2 ಗಂಟೆ ಬಿಟ್ಟು ಬಂದ ಸಂಖ್ಯೆ. 'ಛೇ', 'ಜಾಸ್ತಿ ಆಯ್ತು' ಅಂತೆಲ್ಲ ಬರೆಯುವ ಹಾಗಿಲ್ಲ. ಬೇರೆಯವರ ಖಾತೆಯಲ್ಲಿ ನಾನು ಹಾಗೆ ಬರೆಯುತ್ತೇನಾ? ಇಲ್ಲ ಅಲ್ವಾ.

ಚುಚ್ಚಿಕೊಳ್ಳುವುದಕ್ಕೂ ಒಂದು ಪದ್ಧತಿ ಇದೆ. ಬೆರಳಿನ ತುದಿಗೆ ನೇರವಾಗಿ ಚುಚ್ಚಿದರೆ ಜಾಸ್ತಿ ನೋವು, ಪಕ್ಕಕ್ಕೆ ಚುಚ್ಚಬೇಕು. ದಿನಾ ಬೆರಳು ಬದಲಾಯಿಸಬೇಕು. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಬಿಟ್ಟರೆ ಹನಿ ಸುಲಭವಾಗಿ ಬರುತ್ತದೆ. ಮೊದಲು ಸೋಪು ಹಾಕಿ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು, ಇದನ್ನು ಮಾತ್ರ ಮರೆಯಬೇಡಿ. ಒಮ್ಮೆ ಬಾಳೆಹಣ್ಣು ಸುಲಿದ ಕೈಯಲ್ಲೇ ನೋಡಿದಾಗ 240 ಬಂದು ಎದೆ ಧಸಕ್ಕೆಂದಿತ್ತು. ಕೈ ತೊಳೆದು ಮತ್ತೆ ನೋಡಿದರೆ 161.

2 ವಾರದ ಹಾಳೆ ನೋಡಿದಾಗ ನಾನು ಅಂದುಕೊಂಡಿದ್ದೆಲ್ಲ ತಲೆಕೆಳಗಾಯಿತು. ನನ್ನ ಶತ್ರು ಹೋಳಿಗೆ ಅಂದುಕೊಂಡಿದ್ದೆ. ಹೋಳಿಗೆ ವರ್ಷಕ್ಕೆ ನಾಲ್ಕಾರು ಸಲ. ಮಂಡಿಯ ಟೀ ದಿನಕ್ಕೆ 6 ಸಲ, ಲೋಟಕ್ಕೆ 2 ಚಮಚ ಸಕ್ಕರೆ, ಹತ್ತಿರ ಹತ್ತಿರ 50 ಗ್ರಾಂ. ಮುದ್ದೆ ತಿಂದರೆ ಶುಗರ್ ಏರಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ನಂಬಿ ರಾತ್ರಿ ಎರಡು ಮುದ್ದೆ ಹೊಡೆಯುತ್ತಿದ್ದೆ. ಎರಡು ಮುದ್ದೆಯ ಮುಂದೆ 251. ಇನ್ನೊಂದು ದಿನ ಒಂದೇ ಮುದ್ದೆ ತಿಂದು, ಸೊಪ್ಪಿನ ಸಾರು, ಹೆಸರುಕಾಳು ಪಲ್ಯ ಹೆಚ್ಚು ಬಡಿಸಿಕೊಂಡಿದ್ದೆ. ಅವತ್ತು 178. ರಾಗಿಯಲ್ಲೂ ಇರುವುದು ಪಿಷ್ಟವೇ, ಅಳತೆ ಮುಖ್ಯ. ಊಟವಾದ ಮೇಲೆ ಇಪ್ಪತ್ತು ನಿಮಿಷ ನಡೆದ ದಿನ ಸಂಖ್ಯೆ ಮೂವತ್ತು ನಲವತ್ತು ಕಡಿಮೆ. ನಡೆಯುವಾಗ ಕಾಲಿನ ಸ್ನಾಯುಗಳೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ. ಮಳೆ ಬಂದರೆ ಮನೆಯ ಜಗಲಿಯಲ್ಲೇ ಅತ್ತಿಂದಿತ್ತ ನಡೆದೆ. ಇವು ನನ್ನ ಮೈಯ ಲೆಕ್ಕ, ನಿಮ್ಮದು ಬೇರೆ ಇರಬಹುದು, ಬರೆದು ನೋಡಿ. ಮಾತ್ರೆ ಹೆಚ್ಚು ಕಡಿಮೆ ಮಾಡುವುದು ಡಾಕ್ಟರ ಕೆಲಸ, ಅದನ್ನು ನಾನು ಮುಟ್ಟಲಿಲ್ಲ.

ಊಟ ಬದಲಾಯಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಟೀ. ಸಕ್ಕರೆ ಇಲ್ಲದ್ದು ಕೊಡಿ ಅಂತ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಕೇಳಬೇಕಲ್ಲ. ಕಾಯಿಲೆಯವನು ಅಂತ ಗೊತ್ತಾಗುತ್ತದಲ್ಲ. ಒಂದು ವಾರ ಟೀ ಬೇಡ ಅಂತ ತಲೆಯಾಡಿಸಿ ತಪ್ಪಿಸಿಕೊಂಡೆ. ಕೊನೆಗೆ ಒಂದು ದಿನ ಹೇಳಿಯೇಬಿಟ್ಟೆ. ಟೀ ತರುವ ಹುಡುಗ "ಅಷ್ಟೇನಾ ಅಣ್ಣಾ, ಈ ಲೈನಲ್ಲಿ ಇನ್ನೂ ಐದು ಜನಕ್ಕೆ ಕೊಡ್ತೀನಿ" ಅಂದ. ಅವತ್ತು ಮಧ್ಯಾಹ್ನ ಎದುರು ಮೇಜಿನವರು ಮೆಲ್ಲಗೆ ಬಂದು "ನನಗೂ ಇದೆ, ನೀವು ಯಾವ ಮೀಟರ್ ಇಟ್ಕೊಂಡಿದ್ದೀರಿ?" ಅಂತ ಕೇಳಿದರು. ಎಂಟು ವರ್ಷದಿಂದ ಎದುರುಬದುರು ಕೂತವರು ನಾವು.

ಕಣ್ಣಿನ ಪರೀಕ್ಷೆಯನ್ನೂ ಹೀಗೇ ಮುಂದೂಡುತ್ತಾ ಬಂದಿದ್ದೆ. ಅದೂ ಆಯಿತು. ಸದ್ಯಕ್ಕೆ ತೊಂದರೆ ಇಲ್ಲ, ವರ್ಷಕ್ಕೊಮ್ಮೆ ಬನ್ನಿ ಅಂದಿದ್ದಾರೆ. ಹೋದ ಸಲದ ಎಚ್‌ಬಿಎ1ಸಿ 7.2. ಡಾಕ್ಟರು 7ರ ಒಳಗೆ ಬರಲಿ ಅಂತಿದ್ದಾರೆ.

ಕಳೆದ ತಿಂಗಳು ತಂಗಿಯ ಮಗನ ಮದುವೆ. ಎರಡು ಹೋಳಿಗೆ ತಿಂದೆ, ತುಪ್ಪ ಹಾಕಿಸಿಕೊಂಡೇ ತಿಂದೆ. ಮನೆಗೆ ಬಂದು, ಕೈ ತೊಳೆದು, ಗಡಿಯಾರ ನೋಡಿ ಚುಚ್ಚಿಕೊಂಡೆ. ನೋಟ್‌ಬುಕ್ಕಿನ ಎಡಗಡೆ 'ಹೋಳಿಗೆ 2' ಅಂತ ಬರೆದೆ, ಬಲಗಡೆ 231. ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಚಪ್ಪಲಿ ಮೆಟ್ಟಿಕೊಂಡು ನಡೆಯಲು ಹೊರಟೆ.