ಬರೆಯುವ ಕೆಲಸದಿಂದ ಬರೆಸುವ ಕೆಲಸಕ್ಕೆ

ನಾನು ಬೆಂಗಳೂರಿನ ಒಂದು ಜಾಹೀರಾತು ಏಜೆನ್ಸಿಗೆ ಟ್ರೈನಿ ಕಾಪಿರೈಟರ್ ಆಗಿ, ಅಂದರೆ ಜಾಹೀರಾತಿನ ಮಾತು ಬರೆಯುವ ಕೆಲಸಕ್ಕೆ ಸೇರಿದೆ. ಆಮೇಲೆ ಕಾಪಿರೈಟರ್, ಸೀನಿಯರ್, ಗ್ರೂಪ್ ಹೆಡ್, ಈಗ ಕ್ರಿಯೇಟಿವ್ ಡೈರೆಕ್ಟರ್. ಹೆಚ್ಚುಕಡಿಮೆ ಎಲ್ಲರ ದಾರಿಯೂ ಇದೇ. ಈ ಕುರ್ಚಿಗೆ ಬಂದ ಮೇಲೆ ಬರೆಯುವುದು ಕಡಿಮೆಯಾಯಿತು. ಬೇರೆಯವರು ಬರೆದದ್ದನ್ನು ಓದುವುದು, ಬೇಡ ಅನ್ನುವುದು, ಯಾಕೆ ಬೇಡ ಅಂತ ಬಿಡಿಸಿ ಹೇಳುವುದೇ ಜಾಸ್ತಿ.

ಆ ‘ಯಾಕೆ’ಗೆ ನಾನು ತುಂಬ ಬೆಲೆ ಕೊಡುತ್ತೇನೆ. ‘ಮಜಾ ಬರ್ತಿಲ್ಲ, ಇನ್ನೊಂದು ತನ್ನಿ’ ಅಂದರೆ ಹುಡುಗರು ಕತ್ತಲಲ್ಲಿ ಕೈಯಾಡಿಸುತ್ತಾರೆ, ಅಷ್ಟೇ.

ಒಂದು ಕೆಲಸದ ಬಗ್ಗೆ ಹೇಳುತ್ತೇನೆ. ಬೋರ್‌ವೆಲ್ ಪಂಪಿಗೆ ಹಾಕುವ ಮೊಬೈಲ್ ಸ್ಟಾರ್ಟರ್. ಸಿಮ್ ಹಾಕಿದ ಪುಟ್ಟ ಡಬ್ಬಿ. ಕರೆಂಟ್ ಬಂದರೆ ಫೋನಿಗೆ ತಿಳಿಸುತ್ತದೆ, ಮನೆಯಿಂದಲೇ ಮೋಟಾರ್ ಆನ್ ಮಾಡಬಹುದು. ಹೊಸ ರೈಟರ್ ತಂದ ಸಾಲುಗಳಲ್ಲೆಲ್ಲ ಶಕ್ತಿ, ನಂಬಿಕೆ, ಪ್ರಗತಿ. ಸೀಲಿಂಗ್ ಫ್ಯಾನಿಗೂ ಹೊಂದುವಂಥವು. ಹಾಗಂತ ಹೇಳಿ, ರೈಟರ್ ಮತ್ತು ಚಿತ್ರ, ವಿನ್ಯಾಸ ನೋಡಿಕೊಳ್ಳುವ ಆರ್ಟ್ ಡೈರೆಕ್ಟರ್ ಇಬ್ಬರನ್ನೂ ಶಿರಾದ ಒಂದು ಪಂಪ್ ಅಂಗಡಿಗೆ ಕಳಿಸಿದೆ. ಸುಮ್ನೆ ಕೂತು ಕೇಳಿಸಿಕೊಳ್ಳಿ, ನೀವಾಗಿ ಏನೂ ಕೇಳಬೇಡಿ ಅಂದೆ.

ಇಬ್ಬರನ್ನೂ ಜೋಡಿಯಾಗಿ ಕಳಿಸುವುದಕ್ಕೆ ಕಾರಣ ಇದೆ. ರೈಟರ್ ಬರೆದುಕೊಟ್ಟದ್ದಕ್ಕೆ ಆಮೇಲೆ ಚಿತ್ರ ಕೂರಿಸುವ ಕಾಲವೊಂದಿತ್ತು. ಅದನ್ನು ಬದಲಿಸಿ, ಇಬ್ಬರೂ ಒಂದೇ ಟೇಬಲಿನಲ್ಲಿ ಯೋಚಿಸುವ ಪದ್ಧತಿಯನ್ನು ಬೆಳೆಸಿದವರು ನ್ಯೂಯಾರ್ಕಿನಲ್ಲಿ 1949ರಲ್ಲಿ ಶುರುವಾದ ಡಿಡಿಬಿ ಏಜೆನ್ಸಿಯ ಬಿಲ್ ಬರ್ನ್‌ಬಾಕ್. ನನಗೆ ಇವತ್ತಿಗೂ ಅದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ.

ಶಿರಾದಿಂದ ಅವರು ತಂದದ್ದು ಶಕ್ತಿಯ ಮಾತಲ್ಲ. ತ್ರೀ ಫೇಸ್ ಕರೆಂಟ್ ಬರುವುದು ಎಷ್ಟೋ ಸಲ ರಾತ್ರಿ. ಅಪರಾತ್ರಿಯಲ್ಲಿ ಟಾರ್ಚ್ ಹಿಡಿದು ಹೊಲಕ್ಕೆ ಹೋಗಬೇಕು. ಹಾವಿನ ಭಯ, ಮನೆಯವರಿಗೆ ನಿದ್ದೆಯಿಲ್ಲ. ಇದನ್ನು ಅಂಗಡಿಯಲ್ಲಿ ಹೇಳಿಕೊಂಡವರು ಹೆಚ್ಚಾಗಿ ಹೆಂಗಸರಂತೆ. ರೇಡಿಯೊ ಸ್ಪಾಟ್ ಅಲ್ಲೇ ಸಿಕ್ಕಿತು:

ಜೀರುಂಡೆ ಸದ್ದು. ಫೋನ್ ಟಣ್ ಅನ್ನುತ್ತದೆ. ಹೆಂಡತಿ: ‘ಕರೆಂಟ್ ಬಂತು. ಟಾರ್ಚ್ ಕೊಡ್ಲಾ?’ ಗಂಡ, ನಿದ್ದೆಗಣ್ಣಲ್ಲಿ: ‘ಬೇಡ, ಮಲ್ಕೋ.’ ಬಟನ್ ಒತ್ತಿದ ಸದ್ದು. ದೂರದಲ್ಲಿ ನೀರು ಬೀಳುತ್ತದೆ. ಕೊನೆಗೆ ಕಂಪನಿಯ ಹೆಸರು.

ಕ್ಲೈಂಟಿಗೆ ಇದು ಸಾಲಲಿಲ್ಲ. 30 ಸೆಕೆಂಡಿನಲ್ಲಿ ವಾರಂಟಿ, ಡೀಲರ್ ನಂಬರ್, ನೀರಿಲ್ಲದಾಗ ಮೋಟಾರ್ ತಾನೇ ನಿಲ್ಲುವ ಸೌಲಭ್ಯ, ಎಲ್ಲವೂ ಬೇಕು. ಮಾತೇ ಇಲ್ಲದ ಸೆಕೆಂಡಿಗೂ ದುಡ್ಡು ಕೊಡಬೇಕಾ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ, ದುಡ್ಡು ಅವರದು. ಇಂಥ ಹೊತ್ತಲ್ಲಿ ವಾದ ಮಾಡಿ ಗೆಲ್ಲುವುದರಲ್ಲಿ ನನಗೆ ನಂಬಿಕೆಯಿಲ್ಲ. ಅವರು ಹೇಳಿದ ಹಾಗೇ ಇನ್ನೊಂದು ಸ್ಪಾಟ್ ರೆಕಾರ್ಡ್ ಮಾಡಿಸಿ, ಅವರ ಡೀಲರುಗಳ ಮೀಟಿಂಗಿನಲ್ಲಿ ಎರಡನ್ನೂ ಒಂದೊಂದೇ ಸಲ ಕೇಳಿಸಿದೆ. ಏನು ನೆನಪಿದೆ ಅಂತ ಕೇಳಿದಾಗ ಎಲ್ಲರೂ ಹೇಳಿದ್ದು ‘ಬೇಡ, ಮಲ್ಕೋ’. ವಾರಂಟಿ, ನಂಬರ್ ಎಲ್ಲ ಅಂಗಡಿಯ ಪೋಸ್ಟರಿಗೂ ಕರಪತ್ರಕ್ಕೂ ಹೋದವು. ಅವುಗಳ ಜಾಗವೂ ಅದೇ ಅಲ್ವಾ?

ಮಾಧ್ಯಮ ಬದಲಾಗುತ್ತಲೇ ಇರುತ್ತದೆ. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಖಡಕ್ಕಾಗಿ ಹೇಳಿದ ಮೇಲೆ ಬೆಂಗಳೂರಿನ ರಸ್ತೆಗಳಲ್ಲಿ ಫ್ಲೆಕ್ಸುಗಳು ಇಳಿದವು, ಹೋರ್ಡಿಂಗ್ ಕೆಲಸಕ್ಕೂ ಪೆಟ್ಟು ಬಿತ್ತು. ಊರಿಗೆ ಒಳ್ಳೆಯದೇ ಆಯಿತು. ಆದರೆ ಬೈಕಿನಲ್ಲಿ ಹೋಗುವವನು ಒಂದೇ ನೋಟಕ್ಕೆ ಓದುವಂತೆ ಬರೆಯುವುದನ್ನು ನಾವು ಕಲಿತದ್ದು ಹೋರ್ಡಿಂಗಿನಿಂದ. ಯೂಟ್ಯೂಬಿನ 6 ಸೆಕೆಂಡಿನ ಬಂಪರ್ ಜಾಹೀರಾತಿಗೆ ಕೂತಾಗ ಕೆಲಸಕ್ಕೆ ಬರುವುದು ಅದೇ ಅಭ್ಯಾಸ.

ಹೊಸಬರಿಗೆ ನಾನು ಮೊದಲು ಕೊಡುವುದು ಮಾತ್ರ ರೇಡಿಯೊ. ಅಲ್ಲಿ ಚಿತ್ರದ ಆಸರೆ ಇಲ್ಲ. ಬರೆದದ್ದನ್ನು ನನ್ನೆದುರು ಜೋರಾಗಿ ಓದಬೇಕು, ನಾನು ಸ್ಟಾಪ್‌ವಾಚ್ ಹಿಡಿದಿರುತ್ತೇನೆ. 30 ಸೆಕೆಂಡಿಗೆ 50 ಪದ ದಾಟಿದರೆ ಓದುವವರಿಗೆ ಉಸಿರು ಸಿಗುವುದಿಲ್ಲ. ಯಾವುದನ್ನು ತೆಗೆಯಬೇಕು ಅಂತ ಅವರೇ ಹೇಳಬೇಕು, ನಾನು ಪೆನ್ನು ಮುಟ್ಟುವುದಿಲ್ಲ.