ಹಾಡು ಜೋರಾಗಲಿ, ತಾಸೆಯ ಪೆಟ್ಟೂ ಉಳಿಯಲಿ

ಅಷ್ಟಮಿ, ನವರಾತ್ರಿ ಹತ್ತಿರವಾದರೆ ಉಡುಪಿ, ಮಂಗಳೂರಿನ ಸಣ್ಣಪುಟ್ಟ ಸ್ಟುಡಿಯೊಗಳಿಗೆ ಹುಲಿವೇಷದ ಹಾಡುಗಳು ಬರತೊಡಗುತ್ತವೆ. ಮಾಡಿಸುವವರ ಬೇಡಿಕೆ ಒಂದೇ: ‘ಇನ್ನೂ ಜೋರಾಗಲಿ’. ಜೋರೇನೋ ಆಗುತ್ತದೆ, ಕೋಲಿನಿಂದ ಬಾರಿಸುವ ಚರ್ಮವಾದ್ಯ ತಾಸೆ ಮಾತ್ರ ಚಪ್ಪೆಯಾಗುತ್ತದೆ.

ಪೆಟ್ಟಿನ ಖದರು ಇರುವುದು ಕೋಲು ಚರ್ಮಕ್ಕೆ ತಾಗಿದ ಮೊದಲ ಕೆಲವು ಮಿಲಿಸೆಕೆಂಡುಗಳಲ್ಲಿ. ಆ ಮೊನೆ ಉಳಿದ ನಾದಕ್ಕಿಂತ ಎಷ್ಟು ಮೇಲಿದೆಯೋ ಪೆಟ್ಟಿಗೆ ಅಷ್ಟು ಬಲ. ದನಿ ಗೊತ್ತುಮಾಡಿದ ಮಟ್ಟ ಮೀರದಂತೆ ತಡೆಯುವ ಲಿಮಿಟರ್ ಮೊದಲು ಬಾಯಿ ಹಾಕುವುದು ಆ ಮೊನೆಗೇ.

ಹಾಗಾಗಿ ಮೊದಲು ಮಿಕ್ಸ್‌ಗೆ, ಅಂದರೆ ವಾದ್ಯ, ಗಂಟಲುಗಳನ್ನು ಬೆರೆಸುವ ಹಂತಕ್ಕೆ ಮರಳಿ. ಡೋಲೂ ಬೇಸ್ ಗಿಟಾರೂ ಒಂದೇ ಜಾಗಕ್ಕೆ ಗುದ್ದಾಡುತ್ತಿದ್ದರೆ ಒಂದನ್ನು ತಗ್ಗಿಸಿ. 30 ಹರ್ಟ್ಜ್‌ಗಿಂತ ಕೆಳಗಿನದನ್ನು ಸೋಸಿಬಿಡಿ. ಅದು ಕೇಳಿಸುವುದು ಕಡಿಮೆ, ಲಿಮಿಟರನ್ನು ದುಡಿಸುವುದು ಹೆಚ್ಚು. ತಾಸೆ ಒಂದು ಡೆಸಿಬಲ್ ಹೆಚ್ಚೇ ಇರಲಿ, ಮುಂದೆ ಹೇಗೂ ಸವೆಯುತ್ತದೆ.

ಈಗ ಮಾಸ್ಟರಿಂಗ್, ಬೆರೆಸಿದ ಹಾಡಿಗೆ ಕೊನೆಯ ಹದ ಕೊಡುವ ಕೆಲಸ. ಜೋರಾದ ಭಾಗವನ್ನು ತಗ್ಗಿಸುವ ಕಂಪ್ರೆಸರ್‌ನ ಅಟ್ಯಾಕನ್ನು (ತಗ್ಗಿಸಲು ಅದು ತೆಗೆದುಕೊಳ್ಳುವ ಹೊತ್ತು) 30 ಮಿಲಿಸೆಕೆಂಡಿನ ಆಸುಪಾಸಿನಲ್ಲಿಡಿ, ಮೊನೆ ತಪ್ಪಿಸಿಕೊಂಡು ಹೋಗಲಿ. ರಿಲೀಸ್ (ತಗ್ಗಿಸಿದ್ದನ್ನು ಬಿಟ್ಟುಕೊಡುವ ಹೊತ್ತು) ಹೊಂದಿಸಲು ತಾಸೆಯ ಉರುಳಿಕೆಯನ್ನು ನೆಚ್ಚಬೇಡಿ, ಡೋಲನ್ನು ಹಿಡಿಯಿರಿ. ನಿಮಿಷಕ್ಕೆ 120 ಬೀಟ್ ಇದ್ದರೆ ಎರಡು ಬೀಟ್‌ಗಳ ನಡುವೆ 500 ಮಿಲಿಸೆಕೆಂಡು ಸಿಗುತ್ತದೆ. ಅಷ್ಟರೊಳಗೆ, ಎಷ್ಟು ತಗ್ಗಿತೆಂದು ತೋರಿಸುವ ಮೀಟರಿನ ಮುಳ್ಳು ಸೊನ್ನೆಯ ಹತ್ತಿರ ಬರಬೇಕು. ಒಂದೆರಡು ಡೆಸಿಬಲ್ ಇಳಿದರೆ ಸಾಕು.

ನಂತರ ಕ್ಲಿಪ್ಪರ್, ದನಿಯ ಅಲೆಯ ತುದಿಯನ್ನು ಕತ್ತರಿಸುವ ಸಾಧನ. ಇದರ ಹೆಸರು ಕೇಳಿಯೇ ಹಲವರು ಹೆದರುತ್ತಾರೆ, ಅನಗತ್ಯವಾಗಿ. ತಾಸೆಯ ದನಿಯೇ ಕರ್ಕಶ. ತುದಿಯನ್ನು ಕ್ಷಣಮಾತ್ರ ಹೆರೆದರೆ ಕಿವಿಗೆ ಗೊತ್ತಾಗುವುದಿಲ್ಲ. ಎಳೆದು ಹಾಡುವ ಗಂಟಲು ಒಡೆದಂತೆ ಕೇಳಿಸಿದರೆ ಮಾತ್ರ ಹಿಂದೆ ಸರಿಯಿರಿ. ಕ್ಲಿಪ್ಪರ್ ಒಂದೆರಡು ಡೆಸಿಬಲ್ ತೆಗೆದರೆ ಕೊನೆಯ ಲಿಮಿಟರಿಗೆ ಉಳಿಯುವ ಕೆಲಸ ಸ್ವಲ್ಪವೇ. ಲಿಮಿಟರ್‌ನ ರಿಲೀಸ್ ತೀರಾ ನಿಧಾನವಾದರೆ ಪ್ರತಿ ಪೆಟ್ಟಿನ ಹಿಂದೆ ಹಾಡು ಕುಸಿಯುತ್ತದೆ, ತೀರಾ ಚುರುಕಾದರೆ ಡೋಲು ಗೊರಗುಟ್ಟುತ್ತದೆ. ಟ್ರೂ ಪೀಕ್ (ಅಲೆಯ ನಿಜವಾದ ಗರಿಷ್ಠ ಮಟ್ಟ) ಮಿತಿ ಮೈನಸ್ 1 ಡೆಸಿಬಲ್ ಇರಲಿ.

ಮಾಸ್ಟರಿಂಗ್‌ಗೆ ಮೊದಲಿನದನ್ನೂ ನಂತರದ್ದನ್ನೂ ಹೋಲಿಸುವಾಗ ಎರಡನ್ನೂ ಸಮ ಮಟ್ಟಕ್ಕೆ ತನ್ನಿ. ಒಟ್ಟು 6 ಡೆಸಿಬಲ್ ಏರಿದ್ದರೆ ಅಷ್ಟೇ ಇಳಿಸಿ ಕೇಳಿ, ಇಲ್ಲವಾದರೆ ಜೋರಾದದ್ದೇ ಚೆನ್ನ ಎನಿಸುತ್ತದೆ.

ಮೈನಸ್ 8 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳಿಸುವ ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಏರಿಸಿದ ಹಾಡನ್ನು ಸ್ಪಾಟಿಫೈ ತನ್ನ ಸಾಮಾನ್ಯ ಹೊಂದಿಕೆಯಲ್ಲಿ ಮೈನಸ್ 14ಕ್ಕೆ ಇಳಿಸುತ್ತದೆ. ಯೂಟ್ಯೂಬ್ ಕೂಡ ಅತಿ ಜೋರಾದದ್ದನ್ನು ತಗ್ಗಿಸುತ್ತದೆ. ಜೋರು ಹೋಗುತ್ತದೆ, ಚಪ್ಪೆಯಾದ ತಾಸೆ ಉಳಿಯುತ್ತದೆ. ‘ಮೆರವಣಿಗೆಯ ಟ್ಯಾಬ್ಲೊದಲ್ಲಿ ಕೇಳಿಸಬೇಕಲ್ಲ’ ಎನ್ನುವವರಿಗೆ ಒಂದೇ ಉತ್ತರ: ಅಲ್ಲಿ ಸೌಂಡ್ ನೋಡಿಕೊಳ್ಳುವವನ ಕೈಯಲ್ಲಿ ವಾಲ್ಯೂಮ್ ಗುಂಡಿ ಇದೆ.